ಚೀಟಿಯ ಮೇಲಿನ ಅಂಕಿ ಯಾರದು?

ಸ್ನೇಹಿತರೇ,

ಹಳೆಯ ನಾಣ್ಯ ಕೊಳ್ಳುವವರಿಗೆ ಎಲ್ಲರೂ ಹೇಳುವ ಎಚ್ಚರಿಕೆ ನಕಲಿ ನಾಣ್ಯದ್ದು. ದರ್ಜೆಯ ಚೀಟಿಯೊಡನೆ ನಾಣ್ಯವನ್ನು ಮುಚ್ಚಿಡುವ ಪ್ಲಾಸ್ಟಿಕ್ ಪೆಟ್ಟಿಗೆಯ ನಕಲಿನ ಬಗ್ಗೆಯೂ ಈಚೆಗೆ ಸಾಕಷ್ಟು ಮಾತು ಕೇಳಿಬರುತ್ತಿದೆ. ಇವೆರಡೂ ಅಪರಾಧಗಳೇ. ನಾನು ಇಂದು ಹೇಳಹೊರಟಿರುವ ವ್ಯಾಪಾರ ಬೇರೆ. ಇಲ್ಲಿ ನಾಣ್ಯ ಅಸಲಿ, ಪೆಟ್ಟಿಗೆ ಮಾರುವವನ ಕಡೆಯವರದೇ, ಚೀಟಿಯಲ್ಲಿ ಯಾರ ಹೆಸರನ್ನೂ ಕದ್ದಿಲ್ಲ. ಆದರೂ ಕೊಂಡವನ ತಲೆಗೆ ಟೋಪಿ ಬಿದ್ದಿರುತ್ತದೆ.

ಇದು ಹೇಗೆ ಸಾಧ್ಯವೆಂದು ತಿಳಿಯಲು ಗ್ರೇಡಿಂಗ್‌ನ, ಅಂದರೆ ನಾಣ್ಯದ ಸ್ಥಿತಿಗೆ ಅಂಕಿ ಕೊಡುವ ಕ್ರಮದ, ಹಿನ್ನೆಲೆ ಸ್ವಲ್ಪ ಬೇಕು. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಅಲ್ಲಿನ ಹಳೆಯ ದೊಡ್ಡ ಸೆಂಟ್ ನಾಣ್ಯಗಳಿಗಾಗಿ 1ರಿಂದ 70ರವರೆಗಿನ ಮಾನವೊಂದನ್ನು ರೂಪಿಸಿದ. ತೀರಾ ಸವೆದ ನಾಣ್ಯಕ್ಕಿಂತ ಅತ್ಯುತ್ತಮ ನಾಣ್ಯಕ್ಕೆ 70 ಪಟ್ಟು ಬೆಲೆ ಎಂಬುದು ಅವನ ಲೆಕ್ಕ. ಆ ಬೆಲೆಯ ಲೆಕ್ಕ ಬೇಗನೆ ಕೆಟ್ಟಿತು, ಅಂಕಿ ಮಾತ್ರ ಉಳಿದುಕೊಂಡಿತು. ಈಗ 60ರಿಂದ 70ರವರೆಗಿನದು ಚಲಾವಣೆಯಲ್ಲಿ ಸವೆಯದ ನಾಣ್ಯಗಳ ವರ್ಗ. ಚೀಟಿಯಲ್ಲಿ ಅದಕ್ಕೆ ಎಂಎಸ್ ಎಂಬ ಗುರುತು. 1986ರಲ್ಲಿ ಪಿಸಿಜಿಎಸ್ ಎಂಬ ಅಮೆರಿಕದ ಗ್ರೇಡಿಂಗ್ ಸಂಸ್ಥೆ, ಮರುವರ್ಷ ಅಂಥದ್ದೇ ಆದ ಎನ್‌ಜಿಸಿ ಕೆಲಸ ಆರಂಭಿಸಿ, ನಾಣ್ಯವನ್ನು ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ, ಗ್ರೇಡ್ ಮುದ್ರಿಸಿ ಕೊಡುವ ಪದ್ಧತಿಯನ್ನು ಬೇರೂರಿಸಿದವು. ಸ್ಲ್ಯಾಬ್ ಎಂದು ನಾವೆಲ್ಲ ಕರೆಯುವುದು ಇದನ್ನೇ.

ಈ ಮಾನ ಯಾರ ಸ್ವತ್ತೂ ಅಲ್ಲ. ಪ್ಲಾಸ್ಟಿಕ್ ಬೆಸೆಯುವ ಯಂತ್ರ, ಒಂದು ಪ್ರಿಂಟರ್ ಇದ್ದ ಯಾರು ಬೇಕಾದರೂ ‘ಎಂಎಸ್ 66’ ಎಂದು ಮುದ್ರಿಸಬಹುದು. ಗ್ರೇಡ್ ಎಂಬುದು ಒಬ್ಬರ ಅಭಿಪ್ರಾಯ. ಅಭಿಪ್ರಾಯ ಸುಳ್ಳೆಂದು ಸಾಧಿಸುವುದು ಸುಲಭವಲ್ಲ. ಆದ್ದರಿಂದ ಮೂರು ನಾಲ್ಕು ಅಕ್ಷರದ ಒಂದು ಹೆಸರು, ಪರಿಚಿತ ಚೀಟಿಯ ನೀಲಿ ಬಣ್ಣ, ಅದೇ ಜಾಗದಲ್ಲಿ ಬಾರ್‌ಕೋಡ್, ಮೂಲೆಯಲ್ಲಿ ಮಿನುಗುವ ಹಾಲೋಗ್ರಾಂ ಇಟ್ಟರೆ ಉಳಿದದ್ದನ್ನು ಗ್ರಾಹಕನ ಕಣ್ಣೇ ತುಂಬಿಕೊಳ್ಳುತ್ತದೆ.

ಅಂಥ ಪೆಟ್ಟಿಗೆಯೊಂದರಲ್ಲಿರುವ 1881ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಮಾರ್ಗನ್ ಡಾಲರನ್ನು, ಅಂದರೆ ಅಮೆರಿಕದ ಹಳೆಯ ಬೆಳ್ಳಿ ನಾಣ್ಯವೊಂದನ್ನು, ಕಲ್ಪಿಸಿಕೊಳ್ಳಿ. ಮೊದಲು ಹೆಬ್ಬೆರಳಿನಿಂದ ಚೀಟಿಯನ್ನು ಮುಚ್ಚಿ. ಮುಂಬದಿಯಲ್ಲಿ ಲಿಬರ್ಟಿ ಎಂಬ ಸ್ತ್ರೀರೂಪದ ಕಿವಿಯ ಮೇಲಿನ ಕೂದಲನ್ನು ನೋಡಿ, ಹಿಂಬದಿಯಲ್ಲಿ ಹದ್ದಿನ ಎದೆಯ ಗರಿಗಳನ್ನು ನೋಡಿ: ಸವೆತ ಮೊದಲು ಕಾಣುವುದು ಅಲ್ಲಿ. ಅಚ್ಚೊತ್ತುವಾಗಲೇ ಮಸುಕಾಗಿ ಮೂಡಿದ ಗರಿಯೂ ಸವೆದಂತೆ ಕಾಣುವುದುಂಟು, ಆದರೆ ಅಲ್ಲಿ ಹೊಳಪು ಉಳಿದಿರುತ್ತದೆ. ಆಮೇಲೆ ಒಂದೇ ದೀಪದ ಕೆಳಗೆ ನಿಧಾನವಾಗಿ ವಾಲಿಸಿ. ಮುಟ್ಟದ ಬೆಳ್ಳಿಯಾದರೆ ಬೆಳಕಿನ ಪಟ್ಟಿ ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಉಜ್ಜಿ ತೊಳೆದ ನಾಣ್ಯದಲ್ಲಿ ಆ ಪಟ್ಟಿ ಸುತ್ತುವುದಿಲ್ಲ. ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳು ಒಂದೇ ದಿಕ್ಕಿಗೆ ಎದ್ದು ಕಾಣುತ್ತವೆ. ಹೆಸರಾಂತ ಸಂಸ್ಥೆಗಳು ಇಂಥದ್ದಕ್ಕೆ ಅಂಕಿಯನ್ನೇ ಕೊಡದೆ ‘ತೊಳೆದದ್ದು’ ಎಂದು ನಮೂದಿಸುವುದು ವಾಡಿಕೆ. ನಮ್ಮ ಪೆಟ್ಟಿಗೆಯ ಚೀಟಿಯಲ್ಲೋ, ಧಾರಾಳವಾಗಿ 66!

1881ರ ಈ ನಾಣ್ಯ ಧಾರಾಳವಾಗಿ ಸಿಗುವಂಥದ್ದು, ನಷ್ಟವಾದರೂ ಸಹಿಸಬಹುದು. 1889ರ ಕಾರ್ಸನ್ ಸಿಟಿ ಟಂಕಸಾಲೆಯ ಡಾಲರ್ ಹಾಗಲ್ಲ. ಸವೆಯದ ಸ್ಥಿತಿಯಲ್ಲಿ ಅದು ಅಪರೂಪ. ಎರಡು ಅಂಕ ಹೆಚ್ಚಾದರೆ ಬೆಲೆ ಎಲ್ಲಿಂದ ಎಲ್ಲಿಗೋ ಜಿಗಿಯುತ್ತದೆ.

ಕಾನೂನು ಏನೂ ಮಾಡುವುದಿಲ್ಲವೇ ಎಂದು ಕೇಳುತ್ತೀರಿ. ಅಮೆರಿಕದಲ್ಲಿ 1973ರ ಹವ್ಯಾಸ ಸಂರಕ್ಷಣಾ ಕಾಯ್ದೆ ನಾಣ್ಯದ ಪ್ರತಿಕೃತಿಗಳ ಮೇಲೆ ‘ಪ್ರತಿ’ ಎಂಬ ಗುರುತನ್ನು ಕಡ್ಡಾಯ ಮಾಡಿತು. 2014ರ ತಿದ್ದುಪಡಿ ಗ್ರೇಡಿಂಗ್ ಸಂಸ್ಥೆಗಳ ನೋಂದಾಯಿತ ಮುದ್ರೆಗಳನ್ನು ಅನುಮತಿಯಿಲ್ಲದೆ ಬಳಸುವುದನ್ನೂ ಹಿಡಿತಕ್ಕೆ ತಂದಿತು. ಆದರೆ ಮುದ್ರೆಯನ್ನು ಕದಿಯದೆ ಅದರ ಛಾಯೆಯಲ್ಲಿ ನಿಲ್ಲುವವನ ಮೇಲೆ ಕೈಯಿಡುವುದು ಕಷ್ಟ. ಜಾಣತನವೆಲ್ಲ ಇರುವುದು ಅಲ್ಲೇ, ನನಗೆ ಸಿಟ್ಟು ಬರುವುದೂ ಅದಕ್ಕೇ.

ಪ್ರಮಾಣಪತ್ರದ ಸಂಖ್ಯೆಯನ್ನು ಜಾಲತಾಣದಲ್ಲಿ ಹುಡುಕಿ ಎನ್ನುವ ಸಲಹೆಗೂ ಮಿತಿಯಿದೆ. ಚೀಟಿ ಮುದ್ರಿಸಿದವನೇ ಜಾಲತಾಣವನ್ನೂ ನಡೆಸುತ್ತಿದ್ದರೆ ಆ ಹುಡುಕಾಟದಲ್ಲಿ ಸಿಗುವುದು ಅದೇ ಚೀಟಿಯ ಮಾತು. ಅದಕ್ಕಿಂತ ಮಾರುವವನನ್ನೇ ನೇರವಾಗಿ ಕೇಳಿ: ಇದನ್ನು ಒಡೆದು ಬೇರೆ ಸಂಸ್ಥೆಗೆ ಕಳಿಸುತ್ತೇನೆ, ಕಡಿಮೆ ಗ್ರೇಡ್ ಬಂದರೆ ವ್ಯತ್ಯಾಸದ ಹಣ ಕೊಡುತ್ತೀರಾ? ಪೆಟ್ಟಿಗೆ ಒಡೆದರೆ ಖಾತರಿ ಇಲ್ಲ ಎಂಬ ಉತ್ತರ ಬಂದರೆ, ನಾಣ್ಯವನ್ನು ಮೇಜಿನ ಮೇಲೇ ಬಿಟ್ಟು ಎದ್ದುಬನ್ನಿ.