ಅಕ್ಕ ತಂಗಿಯರ ಸಹಿ ಎಲ್ಲಿ?

ಕೇಳುಗರೆಲ್ಲರಿಗೂ ನಮಸ್ಕಾರ. ಅಪ್ಪ ಉಯಿಲು ಬರೆಯದೆ ತೀರಿಕೊಂಡರು, ಮನೆ ಮಾರಬೇಕು ಅಂತ ನನ್ನ ಹತ್ತಿರ ಬರುವವರು ಬಹಳ. ವಕೀಲನಾಗಿ ನಾನು ಮೊದಲು ಕೇಳೋದು ಒಂದೇ. ಅಕ್ಕ ತಂಗಿಯರ ಸಹಿ ಎಲ್ಲಿ?

"ಅವರನ್ನು ಕೊಟ್ಟು ಇಪ್ಪತ್ತು ವರ್ಷ ಆಯ್ತು ಸರ್" ಅನ್ನುತ್ತಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನೋದು ಗಾದೆ ಕಣ್ರೀ, ಕಾನೂನಲ್ಲ. ಅಪ್ಪ ಸ್ವಂತ ದುಡಿದು ಕಟ್ಟಿದ ಮನೆಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿಯಿಂದ ಸಮಪಾಲು. ಹೆಂಡತಿಗೂ ಪಾಲಿದೆ. ತೀರಿಕೊಂಡವರ ತಾಯಿ ಇದ್ದರೆ ಆ ಅಜ್ಜಿಗೂ ಇದೆ. ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ, ಆದರೆ ಮಗಳಿಗೆ ಪಾಲು ಅಲ್ಲೂ ತಪ್ಪಿದ್ದಲ್ಲ.

ಗಂಗಾವತಿಯ ಒಂದು ಮನೆಯ ಕಥೆ ಹೇಳುತ್ತೇನೆ. ಅವ್ವ, ಮೂವರು ಗಂಡುಮಕ್ಕಳು, ಸಿಂಧನೂರಿಗೆ ಕೊಟ್ಟ ಒಬ್ಬ ತಂಗಿ. ಒಟ್ಟು ಐದು ಪಾಲು. ಅಣ್ಣಂದಿರು ತಂಗಿಯನ್ನು ಕೇಳದೆ ಮುಂಗಡ ಹಣ ತಗೊಂಡುಬಿಟ್ಟರು. "ಖಾತೆ ನನ್ನ ಹೆಸರಿಗೇ ಇದೆಯಲ್ಲ" ಅಂತ ದೊಡ್ಡವನ ಧೈರ್ಯ. ಖಾತೆ ಇರೋದು ತೆರಿಗೆ ಕಟ್ಟೋಕೆ ಸ್ವಾಮಿ! ಕೊಳ್ಳುವವರು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ವಂಶವೃಕ್ಷ ತೆಗೆದು ನೋಡಿದರು. ಅದರಲ್ಲಿ ತಂಗಿಯ ಹೆಸರು. ಸಾಲ ನಿಂತಿತು.

ದೊಡ್ಡವನು ಬಸ್ ಹತ್ತಿ ಸಿಂಧನೂರಿಗೆ ಹೋದ. ತಂಗಿ ಚಹಾ ಕೊಟ್ಟಳು. ಆಮೇಲೆ, "ಅಣ್ಣಾ, ಮೂರು ವರ್ಷ ಪಂಚಮಿಗೆ ಕರಿಯಾಕ ಬರಲಿಲ್ಲ, ಈಗ ಸಹಿಗೆ ಬಂದೇನು?" ಅಂದಳಂತೆ. ಅವನಿಗೆ ಬಾಯೇ ಬರಲಿಲ್ಲ. ಆ ವರ್ಷ ಮೂವರೂ ಹೋಗಿ ಕರೆದುಕೊಂಡು ಬಂದರು. ಉಂಡಿ ತಿಂದಳು, ಜೋಕಾಲಿ ಆಡಿದಳು, ಸಹಿಯನ್ನೂ ಹಾಕಿದಳು. ಆದರೆ ತನ್ನ ಪಾಲಿನ ದುಡ್ಡು ಎಣಿಸಿಕೊಂಡೇ ಹಾಕಿದಳು. ಸರಿಯಾಗೇ ಮಾಡಿದಳು!

ಅಯ್ಯೋ, ಸಮಯ ಮುಗಿಯುತ್ತ ಬಂತಂತೆ. ಬೇಗ ಹೇಳಿಬಿಡುತ್ತೇನೆ. ಮರಣ ಪ್ರಮಾಣಪತ್ರ ತಗೊಳ್ಳಿ, ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ತಂಗಿಗೆ ಪಾಲು ಬೇಡವಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿ. ಸುಮ್ನೆ ಬಾಂಡ್ ಪೇಪರಿನಲ್ಲಿ ಬರೆಸಿಕೊಂಡರೆ ನಡೆಯೋದಿಲ್ಲ. ಹದಿನೆಂಟು ತುಂಬದ ಮಕ್ಕಳ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕು. ಇದೆಲ್ಲ ಆಗುವವರೆಗೆ ಯಾರಿಂದಲೂ ಮುಂಗಡ ಮುಟ್ಟಬೇಡಿ. ನಮಸ್ಕಾರ.