ಬಿಟ್ಟುಬಿಟ್ಟ ಕೆಲಸಗಳ ಪಟ್ಟಿ

ಕೇಳುಗರಿಗೆ ನಮಸ್ಕಾರ.

ಮಾನಸಿಕ ಚಿಕಿತ್ಸೆ ನನ್ನ ವೃತ್ತಿ. ಇವತ್ತಿನ ಮಾತು ಆತಂಕದ ಬಗ್ಗೆ, ಅದಕ್ಕೆ ಸರಿಯಾದ ಥೆರಪಿಸ್ಟ್, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವವರನ್ನು, ಹುಡುಕಿಕೊಳ್ಳುವ ಬಗ್ಗೆ. ನನ್ನ ಬಳಿ ಬಂದಿದ್ದ ಒಬ್ಬರ ವಿಷಯದಿಂದ ಶುರು ಮಾಡುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ನಲವತ್ತರ ಆಸುಪಾಸಿನವರು. ಆರು ತಿಂಗಳಲ್ಲಿ ಮೂರು ಸಲ ನಡುರಾತ್ರಿ ಆಸ್ಪತ್ರೆಗೆ ಓಡಿದ್ದರು. ಎದೆ ಡವಡವ, ಉಸಿರು ಕಟ್ಟಿದ ಹಾಗೆ, ಬೆರಳ ತುದಿಯಲ್ಲಿ ಜುಮುಜುಮು, ಇನ್ನೇನು ಪ್ರಾಣ ಹೋಗಿಯೇಬಿಟ್ಟಿತು ಅನ್ನುವ ದಿಗಿಲು. ಮೂರು ಸಲವೂ ಇಸಿಜಿ ಸರಿಯಾಗಿಯೇ ಇತ್ತು. ಮೂರನೆಯ ಸಲ ಅಲ್ಲಿದ್ದವರು ಯಾರೋ "ನಿಮಗೇನೂ ಆಗಿಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಅಂತ ಕಳಿಸಿಬಿಟ್ಟರಂತೆ. ಅದನ್ನು ಹೇಳುವಾಗ ಅವರ ಮುಖ ಸಣ್ಣದಾಗಿತ್ತು. "ಏನೂ ಆಗದೇ ಇದ್ದರೆ ಇಷ್ಟೆಲ್ಲ ಹೇಗೆ ಆಗುತ್ತದೆ ಮೇಡಂ?" ಅಂದರು.

ನ್ಯಾಯವಾದ ಪ್ರಶ್ನೆ. ಆಗುವುದೆಲ್ಲ ನಿಜವಾಗಿಯೇ ಆಗುತ್ತದೆ. ಅಪಾಯ ಎದುರಾಗಿದೆ ಅಂತ ಮೆದುಳಿಗೆ ಅನ್ನಿಸಿದ ಕ್ಷಣ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ಕೈಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಅದಕ್ಕೆ ಹೃದಯ ಜೋರಾಗಿ ಬಡಿಯುತ್ತದೆ. ಆ ಹೊತ್ತಿಗೆ ಜೀರ್ಣದ ಕೆಲಸ ಹಿಂದೆ ಬೀಳುತ್ತದೆ, ಹಾಗಾಗಿ ಹೊಟ್ಟೆಯಲ್ಲಿ ತಳಮಳ. ಉಸಿರಾಟ ಬಿರುಸಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಬೆರಳು ಜುಮುಗುಟ್ಟುವುದು, ತಲೆ ಹಗುರಾಗಿ ತೇಲಿದಂತಾಗುವುದು ಅದರಿಂದಲೇ. ದೇಹ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ. ಎದುರಿಗೆ ಹುಲಿ ಇಲ್ಲ, ಅಷ್ಟೇ.

ಈ ಗೊಂದಲ ಇವತ್ತಿನದೇನೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆನೋವು, ಎದೆಬಡಿತ, ಸುಸ್ತು ಕಂಡುಬಂದು, ಹೃದಯದಲ್ಲಿ ಮಾತ್ರ ಯಾವ ದೋಷವೂ ಸಿಗದೆ ಹೋದಾಗ, ಡಾಕೋಸ್ಟಾ ಎಂಬ ವೈದ್ಯರು 1871ರಲ್ಲಿ ಅದಕ್ಕೆ "ಕೆರಳಿದ ಹೃದಯ" ಎಂಬ ಅರ್ಥದ ಹೆಸರಿಟ್ಟರು. ದಿಢೀರನೆ ಎರಗುವ ಪ್ಯಾನಿಕ್, ದಿನವಿಡೀ ಕೊರೆಯುವ ಆತಂಕ, ಇವೆರಡನ್ನೂ ಅಮೆರಿಕದ ಮನೋವೈದ್ಯರ ಕೈಪಿಡಿ ಬೇರೆ ಬೇರೆ ತೊಂದರೆಗಳೆಂದು ಪಟ್ಟಿ ಮಾಡಿದ್ದು 1980ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 30 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು. ಚಿಕಿತ್ಸೆ ಬೇಕಾದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತ್ರ ಅದು ಸಿಗುತ್ತದೆ.

ಹಾಗಂತ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಅದು ಕಾಯಿಲೆಯಲ್ಲ. ಮಗು ಮನೆಗೆ ಬರುವುದು ಒಂದು ಗಂಟೆ ತಡವಾದಾಗ ಜೀವ ಬಾಯಿಗೆ ಬಂದರೆ ಅದೂ ಅಲ್ಲ. ಕಾರಣ ಹೋದಮೇಲೆ ಕಳವಳವೂ ಹೋಗಬೇಕು. ಒಂದು ಚಿಂತೆ ತೀರಿದ ಜಾಗದಲ್ಲಿ ಇನ್ನೊಂದು ಬಂದು ಕೂತು, ಹೀಗೇ ಆರು ತಿಂಗಳು, ಹೆಚ್ಚಿನ ದಿನಗಳೆಲ್ಲ ಅದರಲ್ಲೇ ಕಳೆದು, ನಿದ್ದೆ ಕೆಟ್ಟು, ಕತ್ತು ಭುಜ ಬಿಗಿದು, ಸಣ್ಣಪುಟ್ಟದಕ್ಕೆ ಸಿಡಿಮಿಡಿಗುಟ್ಟಿ, ಮಾಡುವ ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ ಆಗ ವೈದ್ಯರು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಪ್ಯಾನಿಕ್‌ನ ರೀತಿ ಬೇರೆ. ಅದು ಕೆಲವೇ ನಿಮಿಷಗಳಲ್ಲಿ ಶಿಖರಕ್ಕೇರಿ, ತಾನಾಗಿಯೇ ಇಳಿಯುತ್ತದೆ. ಅದು ಮತ್ತೆ ಯಾವಾಗ ಬರುತ್ತದೋ ಅನ್ನುವ ಕಾಯುವಿಕೆ ಮಾತ್ರ ಇಳಿಯುವುದಿಲ್ಲ.

ಆತಂಕವನ್ನು ಅಳೆಯಲು ಜಿಎಡಿ-7 ಎಂಬ ಏಳು ಪ್ರಶ್ನೆಗಳ ಪಟ್ಟಿಯಿದೆ, 2006ರಲ್ಲಿ ಬಂದದ್ದು. ಕಳೆದ ಎರಡು ವಾರದಲ್ಲಿ ಹೇಗಿತ್ತು ಅಂತ ಕೇಳುತ್ತದೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ಯಾರಿಗಾದರೂ ತೋರಿಸುವುದು ಒಳ್ಳೆಯದು. ಉಪಯೋಗದ್ದೇ. ಆದರೆ ನನಗೆ ಅದಕ್ಕಿಂತ ಹೆಚ್ಚು ನಂಬಿಕೆ ಇನ್ನೊಂದು ಪಟ್ಟಿಯ ಮೇಲೆ. ಅದನ್ನು ನೀವೇ ಬರೆಯಬೇಕು. ಕಳೆದ ಒಂದು ವರ್ಷದಲ್ಲಿ ನೀವು ಮಾಡದೇ ಬಿಟ್ಟ ಕೆಲಸಗಳು ಯಾವುವು? ಹೋಗದೇ ಉಳಿದ ಜಾಗಗಳು, ಎತ್ತದ ಫೋನ್‌ಗಳು, ತೆರೆಯದ ಪತ್ರಗಳು?

ಆ ಗೃಹಸ್ಥರಿಗೂ ಇದನ್ನೇ ಹೇಳಿದೆ. ಮುಂದಿನ ವಾರ ಎರಡು ಹಾಳೆ ತಂದರು. ಲಿಫ್ಟ್ ಬಿಟ್ಟಿದ್ದರು. ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಬೇರೆಡೆ ಕೂರುತ್ತಿರಲಿಲ್ಲ. ಒಬ್ಬರೇ ದೂರ ಹೋಗುತ್ತಿರಲಿಲ್ಲ. ಕಾರು ಓಡಿಸಿದರೆ ಆಸ್ಪತ್ರೆ ಇರುವ ರಸ್ತೆಯಲ್ಲೇ, ಸುತ್ತಾದರೂ ಸರಿ. ಮೆಟ್ಟಿಲು ಹತ್ತಿದರೆ ಎದೆ ಬಡಿಯುತ್ತದೆ ಅಂತ ವ್ಯಾಯಾಮವನ್ನೂ ಬಿಟ್ಟಿದ್ದರು. ಲಿಫ್ಟೂ ಇಲ್ಲ, ಮೆಟ್ಟಿಲೂ ಇಲ್ಲ ಅಂದಮೇಲೆ ನೆಲಮಹಡಿಯ ಬದುಕೇ ಗತಿ. ಅದನ್ನು ಓದಿ ಅವರೇ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡರು.

ಆತಂಕ ಬೆಳೆಯುವ ಬಗೆಯೇ ಇದು. ಹೆದರಿಕೆಯ ಜಾಗದಿಂದ ಹಿಂದೆ ಸರಿದ ಕೂಡಲೆ ಹಾಯ್ ಅನ್ನಿಸುತ್ತದೆ ನೋಡಿ, ಆ ಹಾಯೇ ಮೋಸಗಾರ. "ನೀನು ತಪ್ಪಿಸಿಕೊಂಡೆ, ಅದಕ್ಕೇ ಬದುಕಿದೆ" ಅಂತ ಮೆದುಳಿಗೆ ಪಾಠ ಹೇಳಿಕೊಡುತ್ತದೆ. ಹೋಗಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅವಕಾಶವೇ ಸಿಗುವುದಿಲ್ಲ. ಹಗ್ಗವನ್ನು ಹಾವೆಂದು ತಿಳಿದವರು ದೀಪ ಹಿಡಿದು ಹತ್ತಿರ ಹೋಗದಿದ್ದರೆ, ಅದು ಅವರ ಪಾಲಿಗೆ ಹಾವಾಗಿಯೇ ಉಳಿಯುತ್ತದೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ವೃತ್ತಿಗೆ ಬಂದ ಹೊಸತರಲ್ಲಿ ಒಬ್ಬ ಯುವತಿ ವಾರವಾರ ನನ್ನ ಬಳಿ ಬರುತ್ತಿದ್ದಳು. ಕಾಯಿಲೆ ಬಂದುಬಿಡುತ್ತದೆ ಅನ್ನುವ ಭಯ ಅವಳಿಗೆ. ನಾನು ಸಮಾಧಾನ ಹೇಳುತ್ತಿದ್ದೆ. ನಗುತ್ತಾ ಎದ್ದುಹೋಗುತ್ತಿದ್ದಳು. ನನಗೂ ಹೆಮ್ಮೆ. ಸುಮಾರು ಒಂದು ವರ್ಷದ ಮೇಲೆ ಲೆಕ್ಕ ಹಾಕಿದರೆ ಅವಳ ಬದುಕಿನಲ್ಲಿ ಒಂದು ಎಳೆಯೂ ಬದಲಾಗಿರಲಿಲ್ಲ. ನಾನು ಅವಳ ತೋಳಿನ ತಾಯತ ಆಗಿಬಿಟ್ಟಿದ್ದೆ. ವಾರಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುವುದು, ಧೈರ್ಯ ತಂದುಕೊಳ್ಳುವುದು, ಮತ್ತೆ ಅದೇ ಭಯ. ಆಕೆಗೆ ಬೇಕಿದ್ದದ್ದು ಜೊತೆಯಲ್ಲಿ ನಡೆಯುವವರು.

ಜೊತೆಯಲ್ಲಿ ನಡೆಯುವುದು ಅಂದರೆ ಹೇಗೆ? 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಸಂಶೋಧಕಿ ಮೊಲ ಕಂಡರೆ ಚೀರಾಡುವ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. "ಮೊಲಕ್ಕೆ ಯಾರಾದರೂ ಹೆದರುತ್ತಾರೇನೋ" ಅಂತ ಅವರು ಬುದ್ಧಿ ಹೇಳಲಿಲ್ಲ, ಮೊಲವನ್ನು ತಂದು ತೊಡೆಯ ಮೇಲೂ ಕೂರಿಸಲಿಲ್ಲ. ಪೀಟರ್ ತನಗಿಷ್ಟವಾದದ್ದನ್ನು ತಿನ್ನುತ್ತಾ ಕೂತಿದ್ದಾಗ ಮೊಲದ ಪಂಜರವನ್ನು ದೂರದಲ್ಲಿ ಇಟ್ಟರು. ಹುಡುಗ ತಾಳಿಕೊಂಡಷ್ಟೂ ಹತ್ತಿರ ತಂದರು. ಕೊನೆಗೆ ಅವನು ಮೊಲವನ್ನು ಮುಟ್ಟಿ ಸವರಿದ. ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಈ ದಾರಿಗೆ ಈಗ ಎಕ್ಸ್‌ಪೋಷರ್ ಅನ್ನುತ್ತಾರೆ. ಯೋಚನೆ ಹಾಗೂ ನಡವಳಿಕೆ ಎರಡನ್ನೂ ಹಿಡಿದು ಕೆಲಸ ಮಾಡುವ ಸಿಬಿಟಿ ಚಿಕಿತ್ಸೆಯಲ್ಲಿ ಇದೊಂದು ಮುಖ್ಯ ಭಾಗ. ಆತಂಕಕ್ಕೆ ಅತಿ ಹೆಚ್ಚು ಪರೀಕ್ಷೆಗೊಳಗಾಗಿ ಗೆದ್ದ ಮಾತಿನ ಚಿಕಿತ್ಸೆ ಸಿಬಿಟಿಯೇ. ಅದೊಂದೇ ದಾರಿ ಅಂತ ನಾನು ಹೇಳುವುದಿಲ್ಲ. ಹಳೆಯ ಗಾಯಗಳು ಬೆರೆತಿದ್ದರೆ ಬೇರೆ ಬಗೆಯ ಕೆಲಸವೂ ಬೇಕಾಗುತ್ತದೆ.

ಥೆರಪಿಸ್ಟ್ ಹುಡುಕುವ ಮೊದಲು ಒಂದು ಸಲ ಸಾಮಾನ್ಯ ವೈದ್ಯರನ್ನು ನೋಡಿ. ಥೈರಾಯ್ಡ್ ಜಾಸ್ತಿಯಾದರೆ, ರಕ್ತಹೀನತೆ ಇದ್ದರೆ, ಹೃದಯದ ಲಯ ತಪ್ಪಿದರೆ, ಕೆಫೀನ್ ಹೆಚ್ಚಾದರೆ ಕೂಡ ಎದೆ ಹೀಗೆಯೇ ಬಡಿಯುತ್ತದೆ. ಎದೆನೋವು ಮೊದಲ ಸಲ ಬಂದಾಗ ಅದು ಆತಂಕವೇ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಯಾರು ಯಾರು ಅನ್ನುವುದರಲ್ಲೂ ಜನರಿಗೆ ಗೊಂದಲ ಇದೆ. ಮನೋವೈದ್ಯರು ಅಂದರೆ ವೈದ್ಯ ಪದವಿ ಪಡೆದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಸ್ಸಿನ ಕಾಯಿಲೆಗಳನ್ನು ಗುರುತಿಸಿ ಮಾತಿನ ಚಿಕಿತ್ಸೆ ಕೊಡಲು ತರಬೇತಾದವರು. ಆಪ್ತಸಮಾಲೋಚಕರಲ್ಲಿ ತುಂಬ ಒಳ್ಳೆಯವರಿದ್ದಾರೆ, ಆದರೆ ಆ ಹೆಸರನ್ನು ಎಷ್ಟೋ ಕಡೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಆದ್ದರಿಂದ ಎಲ್ಲಿ ಓದಿದಿರಿ, ನೋಂದಣಿ ಇದೆಯೇ ಅಂತ ಕೇಳಿ. ಹಾಗೆ ಕೇಳುವುದು ಅವಮರ್ಯಾದೆ ಅಲ್ಲ. ಬಾಡಿಗೆ ಮನೆ ನೋಡುವಾಗ ಹತ್ತು ಪ್ರಶ್ನೆ ಕೇಳುವ ನಾವು, ಮನಸ್ಸನ್ನೇ ಬಿಚ್ಚಿಡುವ ಕಡೆ ಯಾಕೆ ಸಂಕೋಚಪಡುತ್ತೇವೋ ನನಗೆ ಅರ್ಥವಾಗುವುದಿಲ್ಲ.

ನಾನಾಗಿದ್ದರೆ ಮೊದಲ ಭೇಟಿಯಲ್ಲಿ ಮುಖ್ಯವಾಗಿ ಇದನ್ನು ಕೇಳುತ್ತಿದ್ದೆ: "ನನ್ನಂಥ ತೊಂದರೆಗೆ ನೀವು ಏನು ಮಾಡುತ್ತೀರಿ? ಎರಡು ಭೇಟಿಗಳ ನಡುವೆ ನಾನು ಏನು ಮಾಡಬೇಕಾಗುತ್ತದೆ?" ಉತ್ತರದಲ್ಲಿ ಒಂದು ದಾರಿ ಕಾಣಬೇಕು. ಮನೆಯಲ್ಲಿ ಮಾಡುವ ಅಭ್ಯಾಸದ ಮಾತು ಬರಬೇಕು. "ಸುಮ್ಮನೆ ಬಂದು ಮಾತಾಡಿ, ತಾನಾಗಿ ಸರಿಹೋಗುತ್ತದೆ" ಅಂದರೆ ನನಗೆ ಅನುಮಾನ. "ಇಷ್ಟೇ ದಿನದಲ್ಲಿ ಗುಣಪಡಿಸುತ್ತೇನೆ" ಅಂತ ಮಾತು ಕೊಟ್ಟರೆ ಇನ್ನೂ ಹೆಚ್ಚು ಅನುಮಾನ. ಸಿಬಿಟಿಯಾದರೆ ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 20 ಭೇಟಿ ಹಿಡಿಯುತ್ತದೆ. ಐದಾರು ಭೇಟಿ ಆದಮೇಲೆ ಇಬ್ಬರೂ ಕೂತು, ಏನಾದರೂ ಬದಲಾಗಿದೆಯಾ ಅಂತ ನೋಡಬೇಕು. ಆಗ ನಿಮ್ಮ ಆ ಪಟ್ಟಿ ತೆಗೆಯಿರಿ. ಒಂದಾದರೂ ಸಾಲು ಹೊಡೆದುಹಾಕುವಂತಾಗಿದೆಯೇ?

ವಿದ್ಯೆ ಎಷ್ಟಿದ್ದರೂ ಮನಸ್ಸು ಕೂಡದಿದ್ದರೆ ಕೆಲಸ ಆಗುವುದಿಲ್ಲ. 1979ರಲ್ಲಿ ಎಡ್ವರ್ಡ್ ಬಾರ್ಡಿನ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು: ಗುರಿಯ ಬಗ್ಗೆ ಇಬ್ಬರಿಗೂ ಒಪ್ಪಿಗೆ ಬೇಕು, ಅದಕ್ಕಾಗಿ ಮಾಡುವ ಕೆಲಸದ ಬಗ್ಗೆ ಒಪ್ಪಿಗೆ ಬೇಕು, ನಡುವೆ ನಂಟೂ ಬೇಕು. ಜನ ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ನೋಡುತ್ತಾರೆ. "ಅವರು ತುಂಬ ಒಳ್ಳೆಯವರು" ಅನ್ನುತ್ತಾರೆ. ನಾನೂ ಆ ಯುವತಿಗೆ ತುಂಬ ಒಳ್ಳೆಯವಳಾಗಿದ್ದೆ! ಇನ್ನು, ನಿಮ್ಮ ಮಾತಿನ ಮಧ್ಯೆ ಫೋನ್ ನೋಡುವವರು, ನಿಮ್ಮ ನಂಬಿಕೆಯನ್ನೋ ಮದುವೆಯನ್ನೋ ಹಂಗಿಸುವವರು, ಇನ್ನೊಬ್ಬರ ಗುಟ್ಟನ್ನು ನಿಮಗೆ ಹೇಳುವವರು, ಇಂಥವರಿದ್ದರೆ ಎರಡನೆಯ ಭೇಟಿ ಬೇಡ. ಬೇರೆಯವರ ಗುಟ್ಟು ಹೇಳಿದವರು ನಿಮ್ಮದನ್ನೂ ಹೇಳಿಯಾರು. ಜೀವಕ್ಕೆ ಅಪಾಯ ಇದ್ದಾಗ ಮತ್ತು ಕಾನೂನು ಕೇಳಿದಾಗ ಬಿಟ್ಟರೆ ನಿಮ್ಮ ಮಾತು ಆ ಕೋಣೆಯಲ್ಲೇ ಇರಬೇಕು. ಆ ಮಿತಿಗಳನ್ನು ಅವರೇ ಮೊದಲ ದಿನ ವಿವರಿಸಬೇಕು.

ಥೆರಪಿಸ್ಟ್ ಬದಲಾಯಿಸುವುದರಲ್ಲಿ ತಪ್ಪೇನಿಲ್ಲ. ಒಂದೇ ಒಂದು ಎಚ್ಚರ. ಕೆಲಸ ಕಷ್ಟದ ಘಟ್ಟಕ್ಕೆ ಬಂದಾಗಲೂ ಬಿಟ್ಟು ಓಡೋಣ ಅನ್ನಿಸುತ್ತದೆ. "ಇವರು ನನಗೆ ಹೊಂದುವುದಿಲ್ಲ" ಅನ್ನುವುದು ಕೆಲವು ಸಲ ಆತಂಕವೇ ಆಡುವ ಮಾತು. ಅದನ್ನು ಅವರ ಎದುರಿಗೇ ಹೇಳಿ ನೋಡಿ. ಕೇಳಿಸಿಕೊಂಡು ಅವರು ಸಿಟ್ಟಾಗುತ್ತಾರೋ, ಕುತೂಹಲದಿಂದ ಮುಂದೆ ಬಾಗುತ್ತಾರೋ ಅನ್ನುವುದರಲ್ಲೇ ನಿಮಗೆ ಉತ್ತರ ಸಿಗುತ್ತದೆ.

ಔಷಧಿಯ ಬಗ್ಗೆ ಎರಡು ಮಾತು. ಕೆಲವರಿಗೆ ಬೇಕಾಗುತ್ತದೆ, ಅದು ಸೋಲಲ್ಲ. ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಆತಂಕಕ್ಕೆ ಸಾಮಾನ್ಯವಾಗಿ ಮೊದಲು ಬರೆದುಕೊಡುವ, ಮಾತ್ರೆಗಳು ಕೆಲಸ ತೋರಿಸಲು ಕೆಲವು ವಾರ ಬೇಕು, ಎರಡೇ ದಿನಕ್ಕೆ ಬಿಡಬೇಡಿ. ನುಂಗಿದ ಕೂಡಲೆ ಹಾಯೆನಿಸುವ ಬೆಂಜೋಡೈಯಜೆಪೀನ್ ಗುಂಪಿನ ಮಾತ್ರೆಗಳು ಅಭ್ಯಾಸವಾಗಿಬಿಡಬಹುದು. ಎರಡನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಭೇಟಿಯ ದಿನಕ್ಕೆ ಕಾಯಬೇಡಿ, ಇವತ್ತೇ ಹತ್ತಿರದವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಥೆರಪಿಸ್ಟ್‌ಗೆ ಫೋನ್ ಮಾಡುವುದಕ್ಕೇ ದಿಗಿಲು ಅನ್ನುವವರೂ ನನಗೆ ಗೊತ್ತು. ಫೋನ್ ಯಾಕೆ, ಎರಡು ಸಾಲು ಬರೆದು ಕಳಿಸಿ, ಸಾಕು. ಆ ಗೃಹಸ್ಥರು ನನಗೆ ಮೊಟ್ಟಮೊದಲು ಕಳಿಸಿದ್ದೂ ಎರಡೇ ಸಾಲು. "ಲಿಫ್ಟ್ ಹತ್ತಲು ಆಗುತ್ತಿಲ್ಲ. ನಿಮ್ಮ ಕೋಣೆ ಎಷ್ಟನೇ ಮಹಡಿಯಲ್ಲಿದೆ?" ನಾಲ್ಕನೆಯದು ಅಂತ ಬರೆದೆ. ಎದೆ ಬಡಿಯುತ್ತದೆ ಅಂತ ಮೆಟ್ಟಿಲನ್ನೂ ಬಿಟ್ಟವರು ಅವರು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೊದಲ ದಿನ ಇಪ್ಪತ್ತು ನಿಮಿಷ ತಡವಾಗಿ, ಬೆವರುತ್ತಾ, ಪ್ರತಿ ಮಹಡಿಯಲ್ಲೂ ನಿಂತು ನಿಂತು, ನಡೆದೇ ಬಂದರು.

ನಮಸ್ಕಾರ.