‘ರನ್’ ಅಂದರೆ ಬರೀ ಓಟವಲ್ಲ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಹತ್ತಿರ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಒಂದು ದಿನ ಎಂಟನೇ ಕ್ಲಾಸಿನವರಿಗೆ ಅನುವಾದಕ್ಕೆ ಕೊಟ್ಟಿದ್ದೆ: ‘ಮೈ ಫಾದರ್ ರನ್ಸ್ ಎ ಹೋಟೆಲ್.’ ಹಿಂದಿನ ಬೆಂಚಿನ ಹುಡುಗನೊಬ್ಬ, ‘ನಮ್ಮಪ್ಪ ಹೋಟೆಲನ್ನು ಓಡಿಸುತ್ತಾರೆ’ ಅಂತ ಬರೆದ. ಕ್ಲಾಸೆಲ್ಲ ನಕ್ಕಿತು. ಮುಂದಿನ ವಾಕ್ಯ ‘ಮೈ ನೋಸ್ ಈಸ್ ರನ್ನಿಂಗ್.’ ಅದನ್ನು ಅವನು ಬರೆಯಲೇ ಇಲ್ಲ. ಯಾಕೋ ಅಂತ ಕೇಳಿದೆ. ‘ಮೂಗು ಎಲ್ಲಿಗೆ ಸಾರ್ ಓಡುತ್ತೆ?’ ಅಂದ.

ಅವನದೇನೂ ತಪ್ಪಿಲ್ಲ. ರನ್ ಅಂದರೆ ಓಡು ಅಂತ ಹೇಳಿಕೊಟ್ಟವನು ನಾನೇ ತಾನೇ?

ಈ ಮೂರಕ್ಷರದ ಪದ ನೋಡೋಕೆ ಚಿಕ್ಕದು. ಆದರೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ ಕ್ರಿಯಾಪದವಾಗಿ ಇದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ಪೀಟರ್ ಗಿಲಿವರ್ ಎಂಬ ಸಂಪಾದಕರು ಇದೊಂದೇ ಪದದ ಜೊತೆ ಒಂಬತ್ತು ತಿಂಗಳು ಕೂತಿದ್ದರಂತೆ. ಅದಕ್ಕೂ ಮೊದಲು, 1989ರ ಆವೃತ್ತಿಯಲ್ಲಿ, ‘ಸೆಟ್’ ಎಂಬ ಪದ ಸುಮಾರು 430 ಅರ್ಥಗಳೊಂದಿಗೆ ಮುಂದಿತ್ತು. ಈಗ ಅದನ್ನು ರನ್ ಹಿಂದೆ ಹಾಕಿದೆ. ಯಂತ್ರಗಳು ಬಂದಿದ್ದೂ ಇದಕ್ಕೆ ಒಂದು ಕಾರಣ. ಗಡಿಯಾರ, ರೈಲು, ಮೋಟಾರು, ಈಚೆಗೆ ಕಂಪ್ಯೂಟರಿನ ಪ್ರೋಗ್ರಾಮು, ಬಂದದ್ದಕ್ಕೆಲ್ಲ ಇಂಗ್ಲಿಷಿನವರು ರನ್ ಅಂದುಬಿಟ್ಟರು.

ನಾವು ಹಾಗಲ್ಲ. ಒಂದೊಂದಕ್ಕೆ ಒಂದೊಂದು ಮಾತು ಇಟ್ಟುಕೊಂಡಿದ್ದೇವೆ. ಮೂಗು ಸೋರುತ್ತೆ. ಹೊಸ ಬಟ್ಟೆ ನೆನೆಹಾಕಿದರೆ ಬಣ್ಣ ಬಿಡುತ್ತೆ. ಮನೆಯಲ್ಲಿ ಸಕ್ಕರೆ ಮುಗಿಯುತ್ತೆ. ಕೆರೆ ಬತ್ತುತ್ತೆ. ಬೆಂಗಳೂರು ರಸ್ತೆ ಮಂಡ್ಯದ ಮೇಲೆ ಹೋಗುತ್ತೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ರನ್ ಸಾಕು. ಕಾರು ಇಟ್ಟುಕೊಂಡು ಅದರ ಖರ್ಚು ತೂಗಿಸುವುದಕ್ಕೂ ಅವರು ಕಾರನ್ನು ‘ರನ್’ ಮಾಡುವುದು ಅನ್ನುತ್ತಾರೆ. ನಮ್ಮವರು ಏನಂತಾರೆ ಗೊತ್ತಲ್ಲ? ‘ಈ ಪೆಟ್ರೋಲ್ ರೇಟಲ್ಲಿ ಕಾರು ಸಾಕೋಕಾಗಲ್ಲ ಸ್ವಾಮಿ!’ ಹಸು ಸಾಕಿದ ಹಾಗೆ.

ಇನ್ನು ಇಂಗ್ಲಿಷಿನವರು ಓಡಿಸುವ ಎಷ್ಟೋ ಕೆಲಸಗಳನ್ನು ನಾವು ನಿಧಾನವಾಗಿ ನಡೆಸುತ್ತೇವೆ. ಅಂಗಡಿ ನಡೆಸುತ್ತೇವೆ, ಸ್ಕೂಲು ನಡೆಸುತ್ತೇವೆ, ಸಂಸಾರವನ್ನೂ ಹೇಗೋ ನಡೆಸುತ್ತೇವೆ. ಇದೇ ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಅದನ್ನು ಅವರು ‘ನಡೆಸಿದರು’ ಅಂದರೇ ಸರಿ. ‘ಓಡಿಸಿದರು’ ಅಂದರೆ ಮನೆಯಿಂದ ಆಚೆಗೆ ಅಟ್ಟಿದ ಹಾಗಾಗುತ್ತೆ!

ಹಾಗಾದರೆ ರನ್ ಪದಕ್ಕೆ ಕನ್ನಡದಲ್ಲಿ ಜೋಡಿಯೇ ಇಲ್ಲವೇ? ತುಂಬಾ ದಿನ ಇಲ್ಲ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಪೇಪರಿನಲ್ಲಿ ‘ಲಾರಿ ಹರಿದು ಕುರಿಗಳ ಸಾವು’ ಅಂತ ಓದಿದೆ. ಲಾರಿ ಹರಿಯಿತು! ಇಂಗ್ಲಿಷಿನಲ್ಲಿ ‘ರನ್ ಓವರ್.’ ಆಮೇಲೆ ಒಂದೊಂದಾಗಿ ಹೊಳೆಯುತ್ತಾ ಹೋಯಿತು. ಕಾವೇರಿ ಹರಿಯುತ್ತಾಳೆ, ಅಲ್ಲೂ ರನ್. ಪುಸ್ತಕದ ಮೇಲೆ ಕಣ್ಣು ಹರಿಸುತ್ತೇವೆ, ಅಲ್ಲೂ ರನ್. ತಂತಿಯಲ್ಲಿ ಕರೆಂಟು ಹರಿಯುತ್ತೆ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಅಷ್ಟು ದೂರ ಹರಿಯಿತಲ್ಲ, ಅಲ್ಲೂ ರನ್ ಅನ್ನಬಹುದು. ಅಮೆರಿಕದಲ್ಲಿ ಹೆಂಗಸರ ತೆಳು ಕಾಲುಚೀಲದ ಎಳೆ ಬಿಟ್ಟುಕೊಂಡು ಉದ್ದಕ್ಕೆ ಹರಿದರೆ ಅದಕ್ಕೂ ರನ್ ಅನ್ನುತ್ತಾರೆ. ನೀರೂ ಹರಿಯುತ್ತೆ, ಬಟ್ಟೆಯೂ ಹರಿಯುತ್ತೆ. ಇಷ್ಟು ವರ್ಷ ನಾನು ‘ಓಡು’ ಪದದ ಮನೆ ಬಾಗಿಲು ತಟ್ಟುತ್ತಿದ್ದೆ. ರನ್‌ನ ನೆಂಟ ಪಕ್ಕದ ಮನೆಯಲ್ಲಿದ್ದ.

ಆದರೂ ಪೂರ್ತಿ ಹೊಂದುವುದಿಲ್ಲ. ನಮ್ಮ ಬೆಳಗೂ ಹರಿಯುತ್ತೆ, ಹಾವೂ ಹರಿಯುತ್ತೆ. ಬೆಳಗಿಗೆ ರನ್ ಅಂದರೆ ಯಾವ ಇಂಗ್ಲಿಷಿನವನಿಗೂ ಅರ್ಥವಾಗದು. ‘ಓಡು’ ಪದವನ್ನೂ ಪೂರ್ತಿ ತಳ್ಳಿಹಾಕುವ ಹಾಗಿಲ್ಲ. ಸಿನಿಮಾ ನೂರು ದಿನ ಓಡುತ್ತೆ, ಅಲ್ಲೂ ಇಲ್ಲೂ ಒಂದೇ.

ಅಷ್ಟರಲ್ಲಿ ನಮ್ಮ ಜನ ಇನ್ನೊಂದು ಕೆಲಸ ಮಾಡಿದ್ದಾರೆ. ರನ್ನಿಂಗ್ ಪದವನ್ನೇ ಎತ್ತಿಕೊಂಡು ಬಂದು ಕನ್ನಡದೊಳಗೆ ಕೂರಿಸಿದ್ದಾರೆ. ಗ್ರಿಲ್ ಮಾಡುವವನು ರನ್ನಿಂಗ್ ಫೀಟ್ ಲೆಕ್ಕದಲ್ಲಿ ರೇಟು ಹೇಳುತ್ತಾನೆ. ನನ್ನ ಸ್ಕೂಟರು ಕೈಕೊಟ್ಟಾಗ ಮೆಕ್ಯಾನಿಕ್ ಕೇಳಿದ್ದು, ‘ಸ್ಟಾರ್ಟಿಂಗ್ ಟ್ರಬಲ್ಲೋ, ರನ್ನಿಂಗಲ್ಲೇ ಆಫ್ ಆಗುತ್ತೋ?’ ಮಕ್ಕಳಿಗೆ ಬರೀ ರೇಸ್ ಸಾಲದು, ರನ್ನಿಂಗ್ ರೇಸೇ ಆಗಬೇಕು. ಸೀರೆ ಅಂಗಡಿಗೆ ಹೋದರೆ, ‘ಇದಕ್ಕೆ ರನ್ನಿಂಗ್ ಬ್ಲೌಸ್ ಇದೆ ಮೇಡಂ’ ಅಂತಾರೆ. ಸೀರೆಯ ತುದಿಯಲ್ಲೇ ಅದೇ ಬಟ್ಟೆಯಲ್ಲಿ ಕೂಡಿಕೊಂಡು ಬಂದಿರುವ ಕುಪ್ಪಸದ ತುಂಡು ಅದು. ಇಂಗ್ಲೆಂಡಿನವರಿಗೆ ಹೇಳಿದರೆ ಕುಪ್ಪಸ ಯಾಕೆ ಓಡುತ್ತೆ ಅಂತ ಅವರೇ ಕೇಳಿಯಾರು, ನಮ್ಮ ಆ ಹುಡುಗನ ಹಾಗೆ.

ಕ್ರಿಕೆಟ್ಟಿನ ರನ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಚೆಂಡು ಬೌಂಡರಿ ದಾಟಿದರೆ ಒಂದು ಹೆಜ್ಜೆಯೂ ಓಡದೆ ನಾಲ್ಕು ರನ್ ಬರುತ್ತೆ, ಅಷ್ಟೆ.

ಚುನಾವಣೆಯ ಮಾತೊಂದು ಉಳಿಯಿತು. ಅಮೆರಿಕದಲ್ಲಿ ಅಧ್ಯಕ್ಷರಾಗಬೇಕು ಅನ್ನುವವರು ‘ರನ್’ ಮಾಡುತ್ತಾರೆ. ಅದೇ ಇಂಗ್ಲಿಷ್ ಮಾತಾಡುವ ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿಗೆ ‘ಸ್ಟ್ಯಾಂಡ್’ ಮಾಡುತ್ತಾರೆ. ಅಲ್ಲಿ ಓಟ, ಇಲ್ಲಿ ನಿಲುವು. ನಮ್ಮ ಕಡೆಯೂ ಎಲೆಕ್ಷನ್ನಿಗೆ ನಿಲ್ಲುವುದೇ. ‘ಈ ಸಲ ಯಾರು ನಿಂತವ್ರೆ?’ ಅಂತಲೇ ಕೇಳುತ್ತಾರೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರಿಗೆ ಈ ವ್ಯತ್ಯಾಸ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಒಂದು ಕ್ಷಣ ಯೋಚಿಸಿದರು.

‘ನಮ್ಮಲ್ಲಿ ಎರಡೂ ಅದೆ ಕಣ್ ಮೇಷ್ಟ್ರೆ. ಗೆಲ್ಲೋಗಂಟ ನಿಂತ್ಕತಾರೆ, ಗೆದ್ ಮ್ಯಾಲೆ ಓಡೋಯ್ತಾರೆ’ ಅಂದರು.

ನಮಸ್ಕಾರ.